ಮಗುವಿನ ಹಳೇ ಸಾಮಾನು ಕನ್ಸೈನ್‌ಮೆಂಟ್ ಸೇಲ್‌ಗೆ ಕೊಡಬಹುದಾ?

ಪ್ರಶ್ನೆ: ಡಲ್ಲಾಸ್ ಕಡೆ ಇದ್ದೇವೆ. ಮಗಳ ಬಟ್ಟೆ, ತೊಟ್ಟಿಲು, ಕಾರ್ ಸೀಟ್ ಎಲ್ಲಾ ಗರಾಜಿನಲ್ಲಿ ತುಂಬಿವೆ. ಮಕ್ಕಳ ಕನ್ಸೈನ್‌ಮೆಂಟ್ ಸೇಲ್‌ಗೆ (ನಮ್ಮ ಹಳೇ ಸಾಮಾನನ್ನು ನಮ್ಮ ಪರವಾಗಿ ಮಾರಿಕೊಡುವ ಸೇಲ್) ಕೊಟ್ಟರೆ ದುಡ್ಡು ಬರುತ್ತಾ, ಇಲ್ಲ ಸುಮ್ನೆ ತಲೆನೋವಾ?

ಉತ್ತರ 1: ಬರುತ್ತದೆ, ಆದರೆ ಮಾರಾಟವಾದ ಮೇಲೆ, ಅವರ ಕಮಿಷನ್ ಕಳೆದು. ಬೆಲೆ ಚೀಟಿ ನೀವೇ ಹಾಕಬೇಕು. ಕೊನೇ ದಿನ ಸಾಮಾನ್ಯವಾಗಿ ಅರ್ಧ ಬೆಲೆ.

ಉತ್ತರ 2: ತೊಟ್ಟಿಲಿನ ಒಂದು ಬದಿ ಕೆಳಗೆ ಜಾರುವ ಥರದ್ದಾ? ಹಾಗಿದ್ದರೆ ಮರೆತುಬಿಡಿ, ಅಮೆರಿಕದಲ್ಲಿ 2011ರ ಜೂನ್‌ನಿಂದ ಅದನ್ನು ಮಾರುವಂತಿಲ್ಲ, ಸೆಕೆಂಡ್ ಹ್ಯಾಂಡ್ ಆದರೂ ಅಷ್ಟೇ. ಕಾರ್ ಸೀಟಿಗೂ ಎಕ್ಸ್‌ಪೈರಿ ಡೇಟ್ ಇರುತ್ತದೆ, ನೋಡಿ.

ಉತ್ತರ 3: ಮಾರೋಕೆ ಕೊಟ್ಟವರನ್ನು ಹಲವು ಕಡೆ ಒಂದು ದಿನ ಮೊದಲೇ ಕೊಳ್ಳಲು ಬಿಡುತ್ತಾರೆ. ನನ್ನ ಕೇಳಿದರೆ ಜಾಸ್ತಿ ಲಾಭ ಅದೇ. ರೇಷ್ಮೆ ಲಂಗ ಮಾತ್ರ ಅಲ್ಲಿಗೆ ಬೇಡ, ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ದೀಪಾವಳಿಗೆ ಮುಂಚೆ.