ಸಹಾಯ ಬೇಕು: ಜನರೇಟರ್‌ನಿಂದ ಕಾರು ಚಾರ್ಜ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಮನೆ ಗದಗದ ಬೆಟಗೇರಿಯಲ್ಲಿ. ಮೊನ್ನೆ ಮಳೆ-ಗಾಳಿಗೆ ಸಂಜೆ ಹೋದ ಕರೆಂಟು ಬೆಳಗಾದರೂ ಬರಲಿಲ್ಲ. ಕಾರಿನಲ್ಲಿ ಚಾರ್ಜ್ ಉಳಿದಿದ್ದು 14%. ಅವ್ವನನ್ನು ಹುಬ್ಬಳ್ಳಿಗೆ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಸುಮಾರು 60 ಕಿ.ಮೀ. ದಾರಿ.

ಮನೆಯಲ್ಲಿ 5 ಕೆವಿಎ ಪೆಟ್ರೋಲ್ ಜನರೇಟರ್ ಇದೆ. ಕಾರಿನ 15 ಆಂಪ್ ಚಾರ್ಜರ್ ಎಳೆಯೋದು ಹೆಚ್ಚೆಂದರೆ 3.3 ಕಿಲೋವ್ಯಾಟ್. ಸಾಕಲ್ವಾ ಅಂತ ನೇರ ಜನರೇಟರ್ ಸಾಕೆಟ್‌ಗೇ ಹಾಕಿದೆ. ಚಾರ್ಜರ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕಿತು, ಅಷ್ಟೇ. ಅದು ಮಿಣುಕಿದರೆ ಅರ್ಥಿಂಗ್ ಇಲ್ಲವಂತೆ. ಅದೇ ಸಾಕೆಟ್‌ನಲ್ಲಿ ಫ್ರಿಜ್ಜು, ಮಿಕ್ಸರ್ ಆರಾಮಾಗಿ ಓಡುತ್ತವೆ! ಕೊನೆಗೆ ಬಸ್ ಹಿಡಿದೆವು. "ಹಳೇ ಗಾಡಿ ಮಾರಬ್ಯಾಡ ಅಂದಿದ್ದೆ" ಅಂತ ಅವ್ವ ಅಣ್ಣಿಗೇರಿ ದಾಟುವವರೆಗೂ ಬೈದಳು.

ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದು ಹೋಲ್ಡರ್‌ಗೆ ಬಲ್ಬ್ ಹಾಕಿ, ಎರಡು ವೈರು ಹಿಡಿದು ನೋಡಿದ. ಫೇಸ್ (ಕರೆಂಟು ಬರುವ ವೈರು) ಮತ್ತು ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರು) ನಡುವೆ ಉರಿಯಿತು. ಫೇಸ್-ಅರ್ಥ್ ನಡುವೆ ಉರಿಯಲೇ ಇಲ್ಲ. ಜನರೇಟರ್‌ನ ನ್ಯೂಟ್ರಲ್ ಅರ್ಥಿಗೆ ಸೇರಿಲ್ಲ, ಅದಕ್ಕೇ ಚಾರ್ಜರ್ ಒಪ್ಪುತ್ತಿಲ್ಲ ಅಂದ. ಜನರೇಟರ್ ಹತ್ತಿರವೇ ಅವೆರಡನ್ನೂ ಜೋಡಿಸಿ, ಬೇರೆ ಅರ್ಥ್ ರಾಡ್ ಹುಗಿಯೋಣ ಅಂತಾನೆ.

ಹೀಗೆ ಯಾರಾದರೂ ಮಾಡಿಸಿದ್ದೀರಾ? ಮನೆಯನ್ನು ಲೈನ್ ಕರೆಂಟಿನಿಂದ ಜನರೇಟರ್‌ಗೆ ಬದಲಿಸುವ ನಮ್ಮ ಚೇಂಜ್‌ಓವರ್ ಸ್ವಿಚ್ ಫೇಸ್ ಒಂದನ್ನೇ ಬದಲಿಸುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಮೊದಲು ನ್ಯೂಟ್ರಲನ್ನೂ ಬದಲಿಸುವ ಎರಡು ಪೋಲಿನ ಸ್ವಿಚ್ ಹಾಕಿಸಬೇಕಾ? ಇನ್ವರ್ಟರ್ ಜನರೇಟರ್ (ಒಳಗೇ ಇನ್ವರ್ಟರ್ ಇರುವ ಜನರೇಟರ್) ತೆಗೆದುಕೊಂಡರೂ ಇದೇ ಗೋಳಾ?

ಸುಮ್ನೆ ಪ್ಲಗ್ಗಿನಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ತಂತಿ ಸಿಕ್ಕಿಸಿಬಿಡಿ ಅನ್ನಬೇಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಪೆಟ್ರೋಲ್ ಸುಟ್ಟು ಚಾರ್ಜ್ ಮಾಡೋದು ದುಬಾರಿ ಅಂತಾನೂ ಗೊತ್ತು. ದಿನಾ ಅಲ್ರೀ, ಅಡಚಣೆಗೆ ಮಾತ್ರ. ಗದಗ ಅಥವಾ ಹುಬ್ಬಳ್ಳಿ ಕಡೆ ಈ ಕೆಲಸ ಬಲ್ಲವರಿದ್ದರೆ ತಿಳಿಸಿ.