ಹಸು ಕಂದು ಹಾಕಿದೆ, ನನಗೂ ಜ್ವರ: ಪಶುವೈದ್ಯರಿಗೆ ಕೇಳಿದ ಪ್ರಶ್ನೆಗಳು

ಡಾಕ್ಟರ್: ಗುಂಪಿನ ಎಲ್ಲರಿಗೂ ನಮಸ್ಕಾರ. ಕಾಡುಪ್ರಾಣಿ, ಸಾಕುಪ್ರಾಣಿ, ಮನುಷ್ಯರ ನಡುವೆ ಹರಡುವ ಬ್ಯಾಕ್ಟೀರಿಯಾ ಕಾಯಿಲೆಗಳ ಬಗ್ಗೆ ಇವತ್ತು ಕೇಳಿ. ಕೆಲಸದ ನಡುವೆ ಉತ್ತರ ಕೊಡುತ್ತೇನೆ.

ಬೇಲೂರು ಸದಸ್ಯ: ಮೇಡಂ, ಮಂಗನ ಕಾಯಿಲೆ ಇದರಲ್ಲಿ ಬರುತ್ತಾ?

ಡಾಕ್ಟರ್: ಇಲ್ಲ. ಅದು ವೈರಸ್, ಉಣುಗು ಕಚ್ಚಿ ಬರುತ್ತದೆ.

ಆಲೂರು ಸದಸ್ಯ: ನಮ್ಮ ಗದ್ದೆಗೆ ನಾಟಿಗೆ ಬಂದವರಿಗೆ ಇಲಿ ಜ್ವರ ಅಂದರು. ನಮ್ಮಲ್ಲಿ ಅಷ್ಟು ಇಲಿ ಇಲ್ವಲ್ಲ?

ಡಾಕ್ಟರ್: ಇಲಿ ಒಂದೇ ಅಲ್ಲ. ದನ, ನಾಯಿ, ಕಾಡುಹಂದಿಯ ಉಚ್ಚೆಯಲ್ಲೂ ಆ ಬ್ಯಾಕ್ಟೀರಿಯಾ ಇರಬಹುದು. ಗದ್ದೆ ನೀರು ಸೇರಿ, ಕಾಲಿನ ಬಿರುಕು, ಗಾಯದಿಂದ ಒಳಗೆ ಹೋಗುತ್ತದೆ. ಗಮ್‌ಬೂಟ್ ಹಾಕಿಸಿ. ಜ್ವರದ ಜೊತೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಗದ್ದೆಯಲ್ಲಿ ನಿಂತಿದ್ದನ್ನೂ ಹೇಳಬೇಕು.

ಮೂಡಿಗೆರೆ ಸದಸ್ಯ: ಮೇಡಂ, ಏಳು ತಿಂಗಳ ಗಬ್ಬದ ಹಸು ನಿನ್ನೆ ಕಂದು ಹಾಕಿತು, ಅಂದರೆ ಗರ್ಭ ಇಳಿಯಿತು. ಹೋದ ತಿಂಗಳು ಇನ್ನೊಂದು ಹಾಕಿತ್ತು. ಎರಡಕ್ಕೂ ಕಸ (ಮಾಸು) ಬೀಳಲಿಲ್ಲ, ನಾನೇ ಕೈಹಾಕಿ ತೆಗೆದೆ. ಸತ್ತ ಕರುವನ್ನು ತೋಟದಂಚಿಗೆ ಎಸೆದಿದ್ದೆವು, ನಾಯಿ ಎಳೆದಾಡಿದೆ. ಎರಡು ವಾರದಿಂದ ನನಗೆ ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಸೊಂಟ ನೋವು. ಟೈಫಾಯ್ಡ್ ಅಂತ ಮಾತ್ರೆ ಕೊಟ್ಟಿದ್ದಾರೆ. ಮನೆಯವಳು ಐದು ತಿಂಗಳ ಬಸುರಿ, ಹಾಲು ಕರೆಯೋದು ಅವಳೇ.

ಡಾಕ್ಟರ್: ಇದನ್ನು ಓದಿ ನನಗೆ ಭಯ ಆಗುತ್ತಿದೆ, ದಯವಿಟ್ಟು ಪೂರ್ತಿ ಓದಿ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು ಹಸು ಕಂದು ಹಾಕಿ, ಕಸವೂ ಬೀಳದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಬ್ರುಸೆಲ್ಲೋಸಿಸ್. ಕಸ, ಸೋರುವ ನೀರು, ಸತ್ತ ಕರು, ಇವುಗಳಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ. ಕೈಯಲ್ಲಿ ಸಣ್ಣ ಗೀರು ಇದ್ದರೂ ಸಾಕು, ಕಣ್ಣಿಗೆ ಹನಿ ಸಿಡಿದರೂ ಸಾಕು. ನೀವು ಹೇಳುವ ಸಂಜೆ ಜ್ವರ, ಬೆವರು, ಸೊಂಟ ನೋವು ಅದಕ್ಕೇ ಹೊಂದುತ್ತವೆ. ಟೈಫಾಯ್ಡ್, ಟಿಬಿ ಅಂತ ತಪ್ಪು ತಿಳಿದು ತಿಂಗಳುಗಟ್ಟಲೆ ಕಳೆಯುವುದು ಇದರಲ್ಲಿ ಮಾಮೂಲು. ನಾಳೆಯೇ ಎಂಡಿ ಡಾಕ್ಟರ ಹತ್ತಿರ ಹೋಗಿ, ಕೈಹಾಕಿ ಕಸ ತೆಗೆದೆ ಅಂತ ನೀವಾಗಿಯೇ ಹೇಳಿ, ಬ್ರುಸೆಲ್ಲಾ ರಕ್ತಪರೀಕ್ಷೆ ಕೇಳಿ. ಅದೇ ಆಗಿದ್ದರೆ ಸಾಮಾನ್ಯವಾಗಿ ಎರಡು ಔಷಧಿ ಒಟ್ಟಿಗೆ, ಆರು ವಾರ. ಮಧ್ಯೆ ಬಿಟ್ಟರೆ ಮರುಕಳಿಸುತ್ತದೆ.

ನಿಮ್ಮ ಹೆಂಡತಿಯನ್ನು ಈ ಕ್ಷಣದಿಂದ ಕೊಟ್ಟಿಗೆಗೆ ಬಿಡಬೇಡಿ. ಬಸುರಿಯಲ್ಲಿ ಗರ್ಭ ಇಳಿಯುವ ಅಪಾಯ ಇದೆ. ಅವರಿಗೂ ಪರೀಕ್ಷೆ ಆಗಲಿ, ಹೆರಿಗೆ ಡಾಕ್ಟರಿಗೆ ವಿಷಯ ತಿಳಿಸಿ. ಅವರಿಗೆ ಕೊಡುವ ಔಷಧಿ ಬೇರೆ, ನಿಮ್ಮ ಮಾತ್ರೆ ಹಂಚಿಕೊಳ್ಳಬೇಡಿ. ಹಾಲು ಚೆನ್ನಾಗಿ ಉಕ್ಕಿಸದೆ ಯಾರೂ ಕುಡಿಯಬಾರದು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಎಲ್ಲ ಹಸುಗಳ ರಕ್ತ ತೆಗೆಸಿ. ಕಂದು ಹಾಕಿದವನ್ನು ಬೇರೆ ಕಟ್ಟಿ. ಉಳಿದಿರುವುದನ್ನೆಲ್ಲ ಗ್ಲೌಸ್, ಮಾಸ್ಕ್ ಹಾಕಿ ಆಳ ಗುಂಡಿಗೆ ಸುಣ್ಣ ಸುರಿದು ಹೂಳಿ. ನಾಯಿ ಕಟ್ಟಿಹಾಕಿ. ಮುಖ್ಯವಾಗಿ, ಆ ಹಸುಗಳನ್ನು ಸಂತೆಗೆ ಹೊಡೆಯಬೇಡಿ, ಇನ್ನೊಬ್ಬರ ಮನೆಗೆ ಇದೇ ಕಷ್ಟ ಹೋಗುತ್ತದೆ.

ಸಕಲೇಶಪುರ ಸದಸ್ಯ: ಇದೆಲ್ಲ ಕಾಟಿಗಳಿಂದಲೇ (ಕಾಡುಕೋಣ). ತೋಟಕ್ಕೆ ನುಗ್ಗಿ ನಮ್ಮ ಹಳ್ಳದಲ್ಲೇ ನೀರು ಕುಡೀತಾವೆ.

ಕೊಪ್ಪ ಸದಸ್ಯೆ: ಕಾಟಿ ಜಾಗದಲ್ಲಿ ತೋಟ ಮಾಡಿದ್ದು ಯಾರು? ಎಲ್ಲದಕ್ಕೂ ಕಾಡುಪ್ರಾಣಿ ಮೇಲೆ ಹಾಕೋದು ಬಿಡಿ.

ಸಕಲೇಶಪುರ ಸದಸ್ಯ: ನಿಮ್ಮ ಭತ್ತ ತುಳಿದಾಗ ಹೇಳಿ ಅಕ್ಕ.

ಡಾಕ್ಟರ್: ಮೂಡಿಗೆರೆಯವರೇ, ಈ ವರ್ಷ ಹೊಸ ಹಸು ತಂದಿದ್ದೀರಾ?

ಮೂಡಿಗೆರೆ ಸದಸ್ಯ: ಹೌದು ಮೇಡಂ, ಸಂತೆಯಿಂದ. ಮೊದಲು ಕಂದು ಹಾಕಿದ್ದು ಅದೇ.

ಡಾಕ್ಟರ್: ಕಾಟಿಗೂ ಈ ಸೋಂಕು ತಗಲಬಹುದು. ಆದರೆ ಕೊಟ್ಟಿಗೆಗೆ ಬರುವುದು ಹೆಚ್ಚಾಗಿ ಪರೀಕ್ಷೆ ಮಾಡಿಸದೆ ತಂದ ಹಸುವಿನಿಂದ. ಕರುವನ್ನು ತೋಟದಂಚಿಗೆ ಎಸೆದಾಗ ಕಾಡಿಗೆ ಕಾಯಿಲೆ ದಾಟಿಸುತ್ತಿರುವವರು ನಾವು.

ಅರಕಲಗೂಡು ಸದಸ್ಯ: ಫಾರ್ವರ್ಡ್ ಬಂದಿದೆ: ‘ಬೆಳ್ಳುಳ್ಳಿ, ಅರಿಶಿನ, ಬೆಲ್ಲ ಮೂರು ದಿನ ತಿನ್ನಿಸಿದರೆ ಹಸು ಜನ್ಮದಲ್ಲಿ ಕಂದು ಹಾಕಲ್ಲ. ಎಲ್ಲ ಗುಂಪಿಗೂ ಕಳಿಸಿ.’

ಡಾಕ್ಟರ್: ಕಳಿಸಬೇಡಿ. ಅದರಿಂದ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಇದಕ್ಕೆ ಲಸಿಕೆ ಇದೆ, ಹೆಣ್ಣುಕರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಸಲ. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. ಇದು ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ), ಗಬ್ಬದ ಹಸುವಿಗೆ, ಗಂಡುಕರುವಿಗೆ ಹಾಕುವುದಿಲ್ಲ.

ಬೇಲೂರು ಸದಸ್ಯ: ನನ್ನ ಹಸು ಗಬ್ಬ ಇದೆ, ಲಸಿಕೆ ಹಾಕಿಸಬಹುದಾ?

ಡಾಕ್ಟರ್: ಮೇಲೆ ಓದಿ.

ತರೀಕೆರೆ ಸದಸ್ಯ: ಇಲಿ ಜ್ವರಕ್ಕೆ ನೆಲನೆಲ್ಲಿ ಸಾಕು. ನಮ್ಮ ಅಜ್ಜಿ ಎಷ್ಟೋ ಜನರ ಕಾಮಾಲೆ ವಾಸಿ ಮಾಡಿದ್ದಾರೆ.

ಡಾಕ್ಟರ್: ಕಣ್ಣು ಹಳದಿಯಾದ ಕಾಮಾಲೆಗಳೆಲ್ಲ ಒಂದೇ ಅಲ್ಲ. ಇಲಿ ಜ್ವರದಲ್ಲಿ ಹಳದಿ ಕಾಣಿಸುವಷ್ಟರಲ್ಲಿ ಕಿಡ್ನಿಗೂ ಪೆಟ್ಟು ಬಿದ್ದಿರಬಹುದು. ಕಷಾಯ ಕುಡಿದು ಮಲಗಿದ ಎರಡು ದಿನ ಪ್ರಾಣಕ್ಕೆ ಕುತ್ತು ತರುತ್ತದೆ.

ತರೀಕೆರೆ ಸದಸ್ಯ: ಇಂಗ್ಲಿಷ್ ಔಷಧಿಯವರಿಗೆ ನಾಟಿ ವೈದ್ಯ ಕಂಡರೆ ಆಗಲ್ಲ.

ಕೊಪ್ಪ ಸದಸ್ಯೆ: ಸುಮ್ನಿರಿ ಅಣ್ಣ, ಮೇಡಂ ಅಜ್ಜಿಗೆ ಏನೂ ಅಂದಿಲ್ಲ.

ತರೀಕೆರೆ ಸದಸ್ಯ: ನಿಮ್ಮನ್ನ ಯಾರು ಕೇಳಿದ್ದು?

ಆಲೂರು ಸದಸ್ಯ: ನಾಯಿಮರಿಗೆ ಇಲಿ ಜ್ವರದ ಲಸಿಕೆ ವರ್ಷವರ್ಷ ಬೇಕಾ?

ಸಕಲೇಶಪುರ ಸದಸ್ಯ: ಮೇಡಂ, ಜಗಳ ಬಿಡಿ. ಪಕ್ಕದ ತೋಟದ ಹಳ್ಳದಲ್ಲಿ ಕಾಟಿ ಸತ್ತುಬಿದ್ದಿದೆ. ಗಾಯ ಇಲ್ಲ, ಮೂಗಲ್ಲಿ ಕಪ್ಪು ರಕ್ತ. ಹುಡುಗರು ಚರ್ಮ ಸುಲಿಯೋ ಮಾತಾಡ್ತಿದ್ದಾರೆ.

ಡಾಕ್ಟರ್: ಯಾರೂ ಮುಟ್ಟಬಾರದು! ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಕೊಯ್ದರೆ ಗಾಳಿ ತಾಗಿ ಬ್ಯಾಕ್ಟೀರಿಯಾ ಬೀಜಕಣ ಕಟ್ಟುತ್ತದೆ, ಆ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಅರಣ್ಯ ಇಲಾಖೆಗೆ ಈಗಲೇ ಫೋನ್ ಮಾಡಿ. ಆ ಹಳ್ಳದ ಕಡೆ ದನ, ನಾಯಿ ಬಿಡಬೇಡಿ. ಕಾಟಿಯ ಚರ್ಮ ಸುಲಿಯುವುದು ಕಾನೂನಿನ ಪ್ರಕಾರವೂ ಅಪರಾಧ.

ಅರಕಲಗೂಡು ಸದಸ್ಯ: ಹಸಿ ಹಾಲು ಶಕ್ತಿ ಅಂತಾರಲ್ಲ ಮೇಡಂ?

ಡಾಕ್ಟರ್: ಕಾಯಿಸಿ ಕುಡಿಯಿರಿ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರಿಸುವುದಿಲ್ಲ.

ಮೂಡಿಗೆರೆ ಸದಸ್ಯ: 1962ಕ್ಕೆ ಹೇಳಿದೆ, ಬೆಳಿಗ್ಗೆ ಬರ್ತಾರಂತೆ. ಇವಳು ಮಾತ್ರ ಕೇಳ್ತಿಲ್ಲ, ಜ್ವರದಲ್ಲಿ ನೀವೆಲ್ಲಿ ಹಾಲು ಕರೀತೀರಿ ಅಂತಾಳೆ.

ಡಾಕ್ಟರ್: ಗ್ಲೌಸ್ ಹಾಕಿ ನೀವೇ ಕರೆಯಿರಿ. ಅವರಿಗೆ ಫೋನ್ ಕೊಡಿ, ನಾನು ಮಾತಾಡುತ್ತೇನೆ.