ಅಪ್ಪನಿಗೆ ನ್ಯುಮೋನಿಯಾ, ಆದರೆ ಜ್ವರವೇ ಕಾಣಲಿಲ್ಲ. ಯಾಕೆ?

ಡೊಂಬಿವಲಿ ಮಗಳು:
ಅಪ್ಪನಿಗೆ 76. ಕುಂದಾಪುರದಿಂದ ಬಂದು ಮುಂಬೈಯ ಫೋರ್ಟ್‌ನಲ್ಲಿ 40 ವರ್ಷ ಕ್ಯಾಂಟೀನ್ ನೋಡಿಕೊಂಡವರು. ಹೋದ ತಿಂಗಳು ಒಂದು ದಿನ ಬೆಳಗಿನ ಕಾಫಿ ಬೇಡ ಎಂದರು. ರಾತ್ರಿ ಎದ್ದು ಕೂತು, "ಗಲ್ಲಾ ಎಣಿಸಿದ್ರಾ? ಶಟರ್ ಹಾಕಿದ್ರಾ?" ಎಂದು ಕೇಳತೊಡಗಿದರು. ಮರೆವಿನ ಕಾಯಿಲೆ ಶುರುವಾಯಿತು ಅಂತ ಅಮ್ಮ ಅತ್ತರು. ಥರ್ಮಾಮೀಟರ್ ಇಟ್ಟರೆ 99. ಕೆಮ್ಮೂ ಅಷ್ಟೇನಿಲ್ಲ. ಎರಡು ದಿನ ಸುಮ್ನೆ ಕಳೆದೆವು. ಮೂರನೇ ದಿನ ಏದುಸಿರು. ಎಕ್ಸ್‌ರೇ ತೆಗೆದರೆ ಬಲ ಶ್ವಾಸಕೋಶದಲ್ಲಿ ನ್ಯುಮೋನಿಯಾ! ಈಗ ಮನೆಗೆ ಬಂದಿದ್ದಾರೆ, ಮಾತೂ ಸರಿಯಾಗಿದೆ. ಆದರೆ ಅಷ್ಟು ಸೋಂಕಿದ್ದೂ ಮೈ ಯಾಕೆ ಸುಡಲಿಲ್ಲ?

ನಿಗಡಿಯ ನಿವೃತ್ತ ನರ್ಸ್:
ತಂಗಿ, ನಿಮ್ಮ ತಪ್ಪೇನಿಲ್ಲ. ಪುಣೆಯ ವಾರ್ಡುಗಳಲ್ಲಿ 28 ವರ್ಷ ಇಂಥವರನ್ನು ಬಹಳ ನೋಡಿದ್ದೇನೆ. ಜ್ವರ ಏರಿಸುವುದು ನಮ್ಮ ಮೈಯೇ. ರಕ್ಷಣೆಯ ಕಣಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮಿದುಳು ಕಾವು ಹೆಚ್ಚಿಸುತ್ತದೆ. ವಯಸ್ಸಾದಂತೆ ಸುದ್ದಿಯೂ ಸಣ್ಣಗಾಗುತ್ತದೆ, ಕಾವೇರಿಸುವ ಶಕ್ತಿಯೂ ಕುಗ್ಗುತ್ತದೆ.

ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ರಕ್ಷಣೆಯ ಕಣಗಳಲ್ಲಿ ಒಂದು ಬಗೆಯಾದ ಟಿ ಕಣಗಳು ಪಳಗುವುದು ಅಲ್ಲೇ. ಹರೆಯ ದಾಟಿದ ಮೇಲೆ ಅದು ಸಣ್ಣಗಾಗುತ್ತಾ ಕೊಬ್ಬಾಗುತ್ತದೆ. 76ರಲ್ಲಿ ಹೊಸ ಟಿ ಕಣಗಳು ಬಹಳ ಕಮ್ಮಿ, ಹಳೇ ರೋಗಗಳನ್ನು ಕಂಡ ಕಣಗಳೇ ಜಾಸ್ತಿ. ಹೊಸ ರೋಗಾಣು ಬಂದರೆ ಎಚ್ಚರವಾಗುವುದು ತಡ.

ಹಾಗಾಗಿ 100 ದಾಟಲಿ ಅಂತ ಕಾಯಬೇಡಿ. ದಿನಾ ಇರುವ ಕಾವಿಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೂ ವಯಸ್ಸಾದವರಿಗೆ ಅದು ಜ್ವರವೇ. ಊಟ ಬೇಡ ಅಂದರೆ, ಇದ್ದಕ್ಕಿದ್ದಂತೆ ಗಲಿಬಿಲಿಯಾದರೆ, ಬಿದ್ದರೆ, ಉಸಿರು ಜೋರಾದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಮರೆವಿನ ಕಾಯಿಲೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ, ಅಲ್ವಾ?

ಮುಲುಂಡ್ ಸೊಸೆ:
ನಮ್ಮ ಅತ್ತೆಗೆ 69ರಲ್ಲಿ ಸರ್ಪಸುತ್ತು ಆಯಿತು. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ನರದ ಬುಡದಲ್ಲೇ ಮಲಗಿರುತ್ತದೆ, ಕಾವಲು ಸಡಿಲವಾದಾಗ ಏಳುತ್ತದೆ. ನಾವು ನಾಗದೋಷ ಅಂತ ಗರಿಕೆ, ಅಕ್ಕಿ ಅರೆದು ಹಚ್ಚುತ್ತಾ ನಾಲ್ಕು ದಿನ ಕಳೆದೆವು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಬೇಕಿತ್ತು. ಗುಳ್ಳೆ ಒಣಗಿ ಏಳು ತಿಂಗಳಾಯಿತು, ಇವತ್ತಿಗೂ ಸೀರೆ ತಾಗಿದರೆ ಉರಿ ಎನ್ನುತ್ತಾರೆ. 50 ದಾಟಿದವರಿಗೆ ಲಸಿಕೆ ಇದೆ, 2 ಡೋಸ್. ನಮಗೆ ಮೊದಲೇ ಗೊತ್ತಿರಲಿಲ್ಲ.

ಡೊಂಬಿವಲಿ ಮಗಳು:
ಅಕ್ಕ, ಲಸಿಕೆ ಹಿಡಿಯುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ? 76ರಲ್ಲಿ ಹಾಕಿಸಿ ಪ್ರಯೋಜನ ಇದೆಯಾ?

ನಿಗಡಿಯ ನಿವೃತ್ತ ನರ್ಸ್:
ಇದೆ. ಫ್ಲೂ ಲಸಿಕೆ ಹರೆಯದವರಲ್ಲಿ ಮಾಡಿದಷ್ಟು ಕೆಲಸ ಮಾಡುವುದಿಲ್ಲ, ನಿಜ. ಆದರೂ ಎಷ್ಟೋ ಜನ ಆಸ್ಪತ್ರೆ ಸೇರುವುದು ತಪ್ಪುತ್ತದೆ. ವೈರಸ್ ವೇಷ ಬದಲಿಸುತ್ತದೆ, ಅದಕ್ಕೇ ಪ್ರತಿ ವರ್ಷ ಹಾಕಿಸಬೇಕು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ರೋಗಾಣುವಿನ ಲಸಿಕೆ ಯಾವಾಗ ಅಂತಲೂ ಡಾಕ್ಟರನ್ನು ಕೇಳಿ. ಸರ್ಪಸುತ್ತಿನ ಹೊಸ ಲಸಿಕೆಯಲ್ಲಿ ರಕ್ಷಣೆಯ ಕಣಗಳನ್ನು ಬಡಿದೆಬ್ಬಿಸುವ ವಸ್ತು ಸೇರಿಸಿದ್ದಾರೆ, 70 ದಾಟಿದವರಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಡೊಂಬಿವಲಿ ಮಗಳು:
ಒಂದು ವಾರ ದಿನಾ ಬೆಳಿಗ್ಗೆ ಅದೇ ಥರ್ಮಾಮೀಟರ್ ಇಟ್ಟು ಕ್ಯಾಲೆಂಡರ್ ಮೇಲೆ ಬರೆದೆ. ಅಪ್ಪನಿಗೆ ಯಾವಾಗಲೂ 97ರ ಆಸುಪಾಸು. ಅವತ್ತಿನ 99 ಜ್ವರವೇ ಆಗಿತ್ತು ಅಕ್ಕ. ಇವತ್ತಿನಿಂದ ಅಮ್ಮನದ್ದೂ ಬರೆಯುತ್ತಿದ್ದೇನೆ.